ಗೆಟ್ ಬ್ಯಾಕ್: ತುಟಿ ಒಂದು, ಮಾತು ಒಂದು. ಟಿವಿ ತಪ್ಪೋ, ಚಿತ್ರಾನೇ ಹಂಗದನೋ?

ಕಲಬುರಗಿ ಕೇಳುಗ:
ನಮಸ್ಕಾರ್ರಿ ಎಲ್ಲಾರಿಗೂ. ಕ್ಯಾಸೆಟ್ ಕಾಲದಿಂದ ಬೀಟಲ್ಸ್ ಕೇಳ್ಕೋತ ಬಂದವರಿಗೆ ಈ ಪ್ರಶ್ನೆ. ಆ ತಂಡದ ಜಾನ್, ಪಾಲ್, ಜಾರ್ಜ್, ರಿಂಗೋ ನಾಲ್ವರೂ 1969ರ ಜನವರಿದಾಗ ಕೂಡಿ ಹಾಡು ಕಟ್ಟಿದ್ದರ ಬಗ್ಗೆ ಪೀಟರ್ ಜಾಕ್ಸನ್ ಮಾಡಿದ ಸಾಕ್ಷ್ಯಚಿತ್ರ 'ಗೆಟ್ ಬ್ಯಾಕ್', ಅದರ ಮೊದಲನೇ ಭಾಗ ನೋಡ್ಲಾಕತ್ತೀನಿ. ಕೆಲವು ಕಡೆ ಕೇಳೋ ಮಾತಿಗೂ ಕಾಣೋ ತುಟಿಗೂ ಸಂಬಂಧಾನೇ ಇಲ್ಲ. ಇನ್ನೊಂದು, ನಾಲ್ಕು ಮಂದಿ ಕೂಡಿ ಮಾತಾಡ್ಲಾಕ ನಿಂತ್ರ ಒಂದು ಶಬ್ದಾನೂ ಬಿಡಿಸಿ ಕೇಳಿಸವಲ್ದು. 43 ಇಂಚಿನ ಟಿವಿ, ಬ್ಲೂಟೂತ್‌ಗೆ ಹಚ್ಚಿದ ಸೌಂಡ್‌ಬಾರ್, ಶಹಾಬಾದ್ ಫರಸಿ ಹಾಸಿದ ಪಡಸಾಲಿ. ಏನು ತಿದ್ದಬೇಕ್ರಿ? ಮೂರು ಭಾಗ ಹೆಂಗ ಹಂಚ್ಕೊಂಡು ನೋಡಬೇಕು?

ಬೀದರ್ ಬೇಸ್:
ಎರಡು ಬ್ಯಾರೆ ಬ್ಯಾರೆ ಕಾರಣ ಕೂಡ್ಯಾವ. ಮೊದಲು ಅವನ್ನ ಬಿಡಿಸ್ರಿ.

ಚಿತ್ರದ್ದು ಹಿಂಗದ. 1969ರ ಜನವರಿದಾಗ ಮೈಕೆಲ್ ಲಿಂಡ್ಸೆ-ಹಾಗ್ ತಂಡ 16 ಎಂಎಂ ಕ್ಯಾಮೆರಾದಾಗ ಚಿತ್ರ ಹಿಡೀತು, ದನಿ ಬ್ಯಾರೆ ನಾಗ್ರಾ ಟೇಪ್ ರೆಕಾರ್ಡರ್‌ದಾಗ. 400 ಅಡಿ ಫಿಲ್ಮ್ 11 ನಿಮಿಷಕ್ಕ ಮುಗೀತದ, ನಾಗ್ರಾ ಟೇಪು 16 ನಿಮಿಷ ಓಡ್ತಿತ್ತು. ಫಿಲ್ಮೂ ತುಟ್ಟಿ, ಹಿಂಗಾಗಿ ಕ್ಯಾಮೆರಾ ಬಂದ್ ಇದ್ದಾಗೂ ಟೇಪು ತಿರುಗ್ತಿತ್ತು. ಕಡೀಕ ಉಳಿದದ್ದು ಸುಮಾರು 60 ತಾಸಿನ ಚಿತ್ರ, 150 ತಾಸಿನ ದನಿ. ಅಂದ್ರ ಕಮ್ಮಿ ಅಂದ್ರೂ 90 ತಾಸಿನ ದನಿಗೆ ಚಿತ್ರಾನೇ ಇಲ್ಲ. ಅಂಥ ಕಡೆ ಜಾಕ್ಸನ್ ಬ್ಯಾರೆ ಹೊತ್ತಿನ ಶಾಟ್ ಜೋಡಿಸ್ಯಾರ: ಬೆನ್ನು, ತಂತಿ ಮ್ಯಾಲಿನ ಬೆರಳು, ದೂರದಿಂದ ಹಿಡಿದ ಮುಖ. ಜಾನ್ ಮತ್ತ ಪಾಲ್ ಕ್ಯಾಂಟೀನ್‌ದಾಗ ಜಾರ್ಜ್ ಬಗ್ಗೆ ಮಾತಾಡ್ತಾರಲ್ಲ, ಅದು ಹೂವಿನ ಕುಂಡದಾಗ ಮುಚ್ಚಿಟ್ಟ ಮೈಕ್ ಹಿಡಿದ ಮಾತು. ಅದಕ್ಕ ಚಿತ್ರ ಇಲ್ಲವೇ ಇಲ್ಲ.

ಬ್ಲೂಟೂತ್‌ದು ಬ್ಯಾರೆ ಕಥಿ. ಅದು ದನಿ 150ರಿಂದ 250 ಮಿಲಿಸೆಕೆಂಡ್ ತಡ ಮಾಡ್ತದ, ಅಂದ್ರ ನಾಲ್ಕರಿಂದ ಆರು ಫ್ರೇಮ್. ಈ ತಡ ಚಿತ್ರದುದ್ದಕ್ಕೂ ಹೆಚ್ಚೂಕಮ್ಮಿ ಒಂದೇ ಸಮ ಇರ್ತದ. ಪರೀಕ್ಷೆ ಸುಲಭ. ಚಿತ್ರದಾಗ ಅಲ್ಲಲ್ಲಿ ಕ್ಲಾಪ್ ಹಲಗಿ (ಶಾಟ್ ಸುರು ಆಗೋವಾಗ ದನಿ-ಚಿತ್ರ ಹೊಂದಿಸಲಾಕ ಬಡಿಯೋ ಹಲಗಿ) ಬಡೀತಾರ. ಹಲಗಿ ಮುಚ್ಚಿದ ಮ್ಯಾಲ 'ಟಕ್' ಅಂದ್ರ ದೋಷ ನಿಮ್ಮ ಸೌಂಡ್‌ಬಾರ್ ಕಡೆ. ಹಲಗಿ ಸರಿ ಹೊಂದಿ, ಮುಂದ ಒಂದು ಮಾತು ಮಾತ್ರ ಹೊಂದಲಿಲ್ಲ ಅಂದ್ರ ಅದು ಜೋಡಿಸಿದ ಶಾಟ್, ಅದನ್ನ ಯಾರೂ ತಿದ್ದಲಾಕ ಬರಲ್ಲ.

ಬ್ಲೂಟೂತ್ ತಗದು ಎಚ್‌ಡಿಎಂಐ ಕೇಬಲ್ ಹಚ್ರಿ. ಟಿವಿ ಹಿಂದ ಮೂರು ಪೋರ್ಟ್ ಇದ್ರ ಸಾಮಾನ್ಯವಾಗಿ ಒಂದರ ಮ್ಯಾಲೆ ಮಾತ್ರ 'ಎಆರ್‌ಸಿ' ಅಂತ ಬರದಿರ್ತದ, ಅದು ಟಿವಿ ದನಿ ಹೊರಗ ಸೌಂಡ್‌ಬಾರ್‌ಗೆ ಕಳಿಸೋ ಪೋರ್ಟ್, ಅದಕ್ಕೇ ಹಚ್ಚಬೇಕು. ಸೆಟ್ಟಿಂಗ್‌ದಾಗ ಸಿಇಸಿ (ಟಿವಿ, ಸೌಂಡ್‌ಬಾರ್ ಒಂದಕ್ಕೊಂದು ಸೂಚನೆ ಕಳಿಸೋ ಸೌಲಭ್ಯ) ಚಾಲೂ ಮಾಡ್ರಿ, ಡಿಜಿಟಲ್ ಔಟ್‌ಪುಟ್ 'ಪಿಸಿಎಂ' (ಒತ್ತಿ ಸಣ್ಣ ಮಾಡದ ದನಿ) ಇಡ್ರಿ. ಬಹಳ ಮಂದಿ 'ಆಡಿಯೋ ಡಿಲೇ' ಏರಿಸ್ತಾರ. ಅದು ದನಿ ಇನ್ನಷ್ಟು ತಡ ಮಾಡೋ ಗುಂಡಿ, ಬ್ಲೂಟೂತ್ ತಡಕ್ಕ ಅದರಿಂದ ಉಪಯೋಗಿಲ್ಲ.

ಸೇಡಂ ಫರಸಿ:
ಮಾತು ಕಲಸೋದಕ್ಕ ನಿಮ್ಮ ಪಡಸಾಲಿನೇ ಕಾರಣ. ಶಹಾಬಾದ್ ಫರಸಿ ದನಿ ಕುಡಿಯಂಗಿಲ್ಲ, ಹಂಗೇ ತಿರುಗಿ ಒಗೀತದ. ನಡು ಕೋಲ್ಯಾಗ ನಿಂತು ಒಂದು ಚಪ್ಪಾಳಿ ಹೊಡೀರಿ. ಚಪ್ಪಾಳಿ ಹಿಂದ 'ಝಣ್' ಅಂತ ಬಾಲ ಬಂದ್ರ, ಸಂಗೀತಕ್ಕಿಂತ ಮೊದಲು ಮಾತಿನ ವ್ಯಂಜನ ಹಾಳಾಗ್ತಾವ. ಸೌಂಡ್‌ಬಾರ್‌ಗೂ ನೀವು ಕೂಡೋ ಜಾಗಕ್ಕೂ ನಡುವ ದಪ್ಪ ಜಮಖಾನ ಹಾಸ್ರಿ. ನಿಮ್ಮ ಬೆನ್ನ ಹಿಂದಿನ ಗೋಡಿಗೆ ಎರಡು ಕೌದಿ ಇಳಿಬಿಡ್ರಿ, ಗೋಡಿಗೆ ಅಂಟಿಸಿ ಅಲ್ಲ, ನಾಲ್ಕು ಬೆರಳು ಬಿಟ್ಟು. ಹಳೇ ಸೀರಿ ಪದರು ಪದರು ಹಾಕಿ ಹೊಲಿದ ಕೌದಿ ಈ ಕೆಲಸಕ್ಕ ಭಾಳ ಚಲೋ. ಸೌಂಡ್‌ಬಾರ್ ಗೋಡಿ ಮಾಡದಾಗ ಇಟ್ಟಿದ್ರ ಹೊರಗ ತಗೀರಿ, ಮಾಡ ಅಂದ್ರ ಕೊಡ ಇದ್ದಂಗ, ಬೇಸ್ ಗುಂಯ್ ಅಂತದ. ಇಷ್ಟಾದ ಮ್ಯಾಲೆ 'ವಾಯ್ಸ್' ಮೋಡ್ ಹಾಕಿ, ಬೇಸ್ ಎರಡು ಮೂರು ಅಂಕಿ ಇಳಿಸ್ರಿ.

ಇಂಗ್ಲಿಷ್ ಸಬ್‌ಟೈಟಲ್ ಹಾಕ್ಕೊಂಡೇ ನೋಡ್ರಿ, ಲಿವರ್‌ಪೂಲ್ ಮಾತು ಹಂಗದ. ಮ್ಯಾಲಿಂದ, ಕ್ಯಾಮೆರಾದವರಿಗೆ ಕೇಳಿಸಬಾರದಂತ ಬೀಟಲ್ಸ್ ಮಂದಿ ಗಿಟಾರ್ ಮೀಟ್ಕೋತನೇ ಗುಟ್ಟು ಮಾತಾಡ್ತಿದ್ರು. ಎಲ್ಲಾ ದನಿ ಒಂದರಾಗೇ ಕೂಡಿದ ಮೋನೋ ಟೇಪಿನಾಗಿಂದ ಗಿಟಾರ್ ಬ್ಯಾರೆ, ಮಾತು ಬ್ಯಾರೆ ಮಾಡಲಾಕ ಜಾಕ್ಸನ್ ತಂಡ ಕಂಪ್ಯೂಟರ್‌ಗೆ ದನಿ ಗುರುತು ಹಿಡಿಯೋದು ಕಲಿಸ್ತು. ಅದಿಲ್ಲಾಂದ್ರ ಇಷ್ಟೂ ಕೇಳಿಸ್ತಿರಲಿಲ್ಲ.

ಚಿತ್ರದ ಸೆಟ್ಟಿಂಗ್‌ದಾಗ 'ಮೋಷನ್ ಸ್ಮೂದಿಂಗ್' (ನಡುವ ಹೊಸ ಫ್ರೇಮ್ ಸೇರಿಸಿ ಚಲನೆ ನುಣುಪು ಮಾಡೋದು) ಬಂದ್ ಮಾಡ್ರಿ, ಶಾರ್ಪ್‌ನೆಸ್ ಇಳಿಸ್ರಿ. ಫಿಲ್ಮಿನ ಕಾಳು, ಅಂದ್ರ ಚಿತ್ರದ ಮ್ಯಾಲಿನ ಸಣ್ಣ ಚುಕ್ಕಿ, ಮೊದಲೇ ತೊಳದಾರ. ಟಿವಿನೂ ಅದನ್ನೇ ಮಾಡಿದ್ರ ಮುಖ ಮೇಣದ ಗೊಂಬಿ ಆಗ್ತಾವ.

ಯಾದಗಿರಿ ತಂತಿ:
ಹಂಚೋದು: ಒಟ್ಟು 468 ನಿಮಿಷ, ಅಂದ್ರ 157, 173, 138. ಮೂರು ದಿನ ಮೂರು ಭಾಗ, ನಡುವ ಮುರೀಬ್ಯಾಡ್ರಿ. ಮೊದಲನೇದು ಟ್ವಿಕನ್‌ಹ್ಯಾಮ್‌ದ ಥಂಡಿ ಸ್ಟುಡಿಯೋ, ಜನವರಿ 10ಕ್ಕ ಜಾರ್ಜ್ ಎದ್ದು ಹೋಗೋತನ. ಇಲ್ಲಿ ಬ್ಯಾಸರಾಗ್ತದ, ಆಗಬೇಕು. ಆ ಬ್ಯಾಸರದಾಗೇ ಪಾಲ್ ಬೇಸ್ ಗಿಟಾರ್ ಬಡ್ಕೋತ 'ಗೆಟ್ ಬ್ಯಾಕ್' ಹಾಡು ಹುಟ್ಟಿಸ್ತಾರ, ಎದುರಿಗೆ ಜಾರ್ಜ್ ಆಕಳಿಸ್ತಿರ್ತಾರ. ಓಡಿಸಿ ನೋಡಿದ್ರ ಅದೇ ತಪ್ಪಿ ಹೋಗ್ತದ. ಎರಡನೇದ್ರಾಗ ಲಂಡನ್ನಿನ ಸ್ಯಾವಿಲ್ ರೋ ಬೀದಿಯ ಅವರದೇ ಕಟ್ಟಡದ ನೆಲಮಾಳಿಗಿ ಸ್ಟುಡಿಯೋ. ಜನವರಿ 22ಕ್ಕ ಕೀಬೋರ್ಡ್ ವಾದಕ ಬಿಲ್ಲಿ ಪ್ರೆಸ್ಟನ್ ಬಂದು ಎಲೆಕ್ಟ್ರಿಕ್ ಪಿಯಾನೋ ಮುಟ್ಟಿದ ಕೂಡ್ಲೇ ನಾಲ್ವರ ಮುಖಾನೂ ಅರಳ್ತದ, ಅದನ್ನ ನೋಡ್ರಿ. ಮೂರನೇದ್ರಾಗ ಜನವರಿ 30ರ ಮಾಳಿಗಿ ಮ್ಯಾಲಿನ ಹಾಡು, ಹತ್ತು ಕ್ಯಾಮೆರಾ ಹಿಡಿದದ್ದು. ಸೌಂಡ್‌ಬಾರ್ ಪರೀಕ್ಷೆ ಮಾಡಲಾಕ ಇದೇ ಚಲೋ: ರಿಂಗೋ ಕೈ ನೋಡ್ರಿ, ಕೋಲು ಬಿದ್ದಾಗೇ ಪೆಟ್ಟು ಕೇಳಬೇಕು.

ಡೇಟಾ ಎಚ್‌ಡಿದಾಗ ತಾಸಿಗೆ ಸುಮಾರು 3 ಜಿಬಿ, ಮೂರೂ ಭಾಗಕ್ಕ 24 ಜಿಬಿ. ದಿನಕ್ಕ 2 ಜಿಬಿ ಮೊಬೈಲ್ ಪ್ಯಾಕಿನಾಗ ಆಗಲ್ಲ. ಬ್ಯಾಸಿಗಿ ಕರೆಂಟ್ ನಂಬಬ್ಯಾಡ್ರಿ: ಟಿವಿ 100 ವ್ಯಾಟ್, ಫ್ಯಾನ್ 75, ಸೌಂಡ್‌ಬಾರ್ 30, ರೂಟರ್ 10. 150 ಎಎಚ್ ಇನ್ವರ್ಟರ್ ಬ್ಯಾಟರಿ ಚಲೋ ಇದ್ರ ನಾಲ್ಕು ತಾಸು ಎಳೀತದ, ಉದ್ದನೇ ಭಾಗಾನೂ ಮುಗೀತದ. ರೂಟರ್ ಪ್ಲಗ್ ಇನ್ವರ್ಟರ್ ಲೈನಿಗೆ ಅದನೋ ಇಲ್ಲೋ ನೋಡ್ಕೋರಿ, ಬಹಳ ಮನ್ಯಾಗ ಅದೊಂದೇ ಹೊರಗಿರ್ತದ.

ಕಲಬುರಗಿ ಕೇಳುಗ:
ಎಆರ್‌ಸಿ ಹಚ್ಚಿದ ಮ್ಯಾಲ ಕ್ಲಾಪ್ ಹಲಗಿ ಸರಿ ಹೊಂದ್ತದ್ರಿ. ಜಮಖಾನ ಹಾಸೀನಿ, ಚಪ್ಪಾಳಿ ಬಾಲ ಅರ್ಧ ಕಮ್ಮಿ ಆಗ್ಯದ. ಇನ್ನೊಂದು: ಹಳೇ 'ಲೆಟ್ ಇಟ್ ಬಿ' ಸಿನಿಮಾ ಮೊದಲು ನೋಡಬೇಕಾ, ಆಮ್ಯಾಲಾ?

ಬೀದರ್ ಬೇಸ್:
ಆಮ್ಯಾಲ. ಅದೇ ಜನವರಿ, ಆದ್ರ ಬರೇ 80 ನಿಮಿಷ. 1970ರಾಗ 16 ಎಂಎಂ ಚಿತ್ರ 35 ಎಂಎಂಗೆ ಹಿಗ್ಗಿಸಿ ಬಿಡುಗಡೆ ಮಾಡಿದ್ರು, ಅದಕ್ಕೇ ಹಳೇ ಪ್ರತಿ ಕಪ್ಪು ಕಪ್ಪು. 2024ರಾಗ ತೊಳದು ಬಿಟ್ಟ ಪ್ರತಿನೇ ಹುಡುಕ್ರಿ. ಮೊದಲು ಅದನ್ನ ನೋಡಿದ್ರ ಪಾಲ್-ಜಾರ್ಜ್ ಜಗಳಾನೇ ತಲ್ಯಾಗ ಕೂಡ್ತದ. ಎಂಟು ತಾಸಿನ ಚಿತ್ರ ನೋಡಿದವರಿಗೆ ಆ ಮಾತಿನ ಹಿಂದಮುಂದ ಏನಿತ್ತಂತ ಗೊತ್ತಿರ್ತದ.