ಸಹಾಯ ಬೇಕು: ದೊಡ್ಡ ಇಂಜೆಕ್ಟರ್ ಹಾಕಿದ ಮೇಲೆ ಸಿಲ್ವರಾಡೋ ಟ್ಯೂನಿಂಗ್

ಗಾಡಿ 2002ರ ಶೆವಿ ಸಿಲ್ವರಾಡೋ, 5.3 ಲೀಟರ್ ವಿ8. ಮುಂದೆ ಟರ್ಬೊ ಹಾಕಬೇಕು ಅಂತ ಗಂಟೆಗೆ 42 ಪೌಂಡ್ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕೂರಿಸಿದ್ದೇನೆ. ಆ 42 ಅನ್ನೋದು 43.5 ಪಿಎಸ್ಐ ಒತ್ತಡದ ಲೆಕ್ಕ, ಈ ಗಾಡಿಯ ರೈಲ್‌ನಲ್ಲಿ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆ) 58 ಇರುತ್ತದೆ, ಹಾಗಾಗಿ ನಿಜವಾಗಿ 48.5 ಹತ್ತಿರ ಬರುತ್ತದೆ ಅಲ್ವಾ, ಅದನ್ನೇ ಎಚ್‌ಪಿ ಟ್ಯೂನರ್ಸ್ ಅನ್ನೋ ಟ್ಯೂನಿಂಗ್ ಸಾಫ್ಟ್‌ವೇರ್‌ನಲ್ಲಿ ಇಂಜೆಕ್ಟರ್ ಫ್ಲೋ ಟೇಬಲ್‌ಗೆ ತುಂಬಿದ್ದೇನೆ. ರಸ್ತೆಯಲ್ಲಿ ಫ್ಯುಯಲ್ ಟ್ರಿಮ್ (ಗಾಡಿಯ ಕಂಪ್ಯೂಟರ್ ತಾನೇ ಪೆಟ್ರೋಲ್ ಶೇಕಡಾ ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಅನ್ನೋ ಅಂಕಿ) ಚೆನ್ನಾಗಿದೆ. ಐಡಲ್‌ನಲ್ಲಿ ಮಾತ್ರ ಮೈನಸ್ 15ಕ್ಕೆ ಇಳಿಯುತ್ತದೆ, ಪೆಟ್ರೋಲ್ ವಾಸನೆ ಜಾಸ್ತಿ. ಇಂಜೆಕ್ಟರ್ ತೆರೆದಿರುವ ಸಮಯ ಅಲ್ಲಿ ತೀರಾ ಕಡಿಮೆ, ಅದಕ್ಕೇ ವೋಲ್ಟೇಜ್ ಆಫ್‌ಸೆಟ್ ಟೇಬಲ್ (ಬ್ಯಾಟರಿ ವೋಲ್ಟೇಜ್‌ಗೆ ತಕ್ಕಂತೆ ಇಂಜೆಕ್ಟರ್ ತೆರೆಯಲು ಆಗುವ ವಿಳಂಬದ ಲೆಕ್ಕ) ಮೇಲೆ ನನಗೆ ಅನುಮಾನ, ಅಲ್ಲಿ ಇನ್ನೂ ಹಳೇ ಇಂಜೆಕ್ಟರ್‌ನ ಅಂಕಿಗಳೇ ಇವೆ. ಮಾಫ್ (ಒಳಬರುವ ಗಾಳಿ ಅಳೆಯುವ ಸೆನ್ಸರ್) ಟೇಬಲ್ ಸುಮ್ನೆ ತಿದ್ದಿ ಮುಚ್ಚಿಹಾಕೋದು ಬೇಡ, ಗಾಳಿ ಬದಲಾಗಿಲ್ಲವಲ್ಲ. 58 ಪಿಎಸ್ಐನಲ್ಲಿ ಅಳೆದ ಆಫ್‌ಸೆಟ್ ಅಂಕಿಗಳು ಯಾರ ಹತ್ತಿರವಾದರೂ ಇವೆಯಾ? ದಯವಿಟ್ಟು ಕಳಿಸಿ.