ಖಿನ್ನತೆಯಲ್ಲಿ ‘ಉಮೇದು ಬರಲಿ, ಆಮೇಲೆ ಮಾಡುತ್ತೇನೆ’ ಎನ್ನುವವರಿಗೆ ಏನು ಹೇಳುವುದು?

ಪಯಸ್ವಿನಿ ಕೇಳಿದ್ದು:

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ ಕಡೆ ಕನ್ನಡ ಮಾತಾಡುವ ಮನೆಗಳಿಗೆ ಆಶಾ ಕಾರ್ಯಕರ್ತೆಯರ ಜೊತೆ ಹೋಗುವವರ ಪರವಾಗಿ ಈ ಪ್ರಶ್ನೆ. ಖಿನ್ನತೆ ಎಂದು ಡಾಕ್ಟ್ರು ಹೇಳಿ, ಮದ್ದು ಶುರುವಾಗಿ, ನಿದ್ದೆ-ಊಟ ಸ್ವಲ್ಪ ದಾರಿಗೆ ಬಂದ ಮೇಲೂ ಒಂದು ಮಾತು ಮಾತ್ರ ಉಳಿಯುತ್ತದೆ: ‘ಒಂದಕ್ಕೂ ಮನಸ್ಸು ಬರುವುದಿಲ್ಲ.’ ಮನೆಯವರು ಅದಕ್ಕೆ ‘ಉದಾಸೀನ’ ಎಂದು ಹೆಸರಿಡುತ್ತಾರೆ. ನಮ್ಮ ಕಡೆ ಉದಾಸೀನ ಎಂದರೆ ಸೋಮಾರಿತನ ಎಂದೇ ಅರ್ಥವಾಗುವುದರಿಂದ ಆ ಮಾತು ಚುಚ್ಚುತ್ತದೆ. ‘ಧೈರ್ಯ ತೆಗೆದುಕೊಳ್ಳಿ’, ‘ಮಂಡೆಬೆಚ್ಚ ಮಾಡಬೇಡಿ’ ಎನ್ನುವುದರಿಂದ ಏನೂ ಆಗುವುದಿಲ್ಲ ಎಂಬುದು ಗೊತ್ತಾಗಿದೆ. ನಾಳೆ ಬೆಳಿಗ್ಗೆ ಏನು ಮಾಡಬೇಕು, ಎಷ್ಟು ಮಾಡಬೇಕು, ಎಲ್ಲಿ ತಪ್ಪುತ್ತದೆ ಎಂದು ಕನ್ನಡದಲ್ಲಿ ಬಿಡಿಸಿ ಹೇಳುವವರು ಇದ್ದರೆ ದಯವಿಟ್ಟು ಬರೆಯಿರಿ.

---

ಜಗಲಿ ಬರೆದದ್ದು:

ಮೊದಲು ಒಂದು ತಿರುವು-ಮುರುವು ಸರಿಮಾಡಬೇಕು. ಮನಸ್ಸು ಬಂದ ಮೇಲೆ ಕೆಲಸ ಎಂಬುದು ಆರೋಗ್ಯವಾಗಿರುವಾಗಿನ ಕ್ರಮ. ಖಿನ್ನತೆಯಲ್ಲಿ ‘ಇದನ್ನು ಮಾಡಿದರೆ ಹಿತವಾಗುತ್ತದೆ’ ಎಂದು ಮುಂದಾಗಿ ಅಂದಾಜಿಸುವ ಶಕ್ತಿಗೇ ಪೆಟ್ಟು ಬಿದ್ದಿರುತ್ತದೆ. ಹಾಗಾಗಿ ಮನುಷ್ಯ ಒಂದೊಂದೇ ಬಿಡುತ್ತಾ ಹೋಗುತ್ತಾನೆ. ಬಿಟ್ಟಷ್ಟೂ ಹಿತ ಸಿಗುವ ಸಂದರ್ಭ ಕಡಿಮೆಯಾಗುತ್ತದೆ, ಮನಸ್ಸು ಇನ್ನೂ ಕುಗ್ಗುತ್ತದೆ, ಮತ್ತೂ ಬಿಡುತ್ತಾನೆ. ಈ ಸುತ್ತನ್ನು ಕೆಲಸದ ಕಡೆಯಿಂದ ಕತ್ತರಿಸುವ ಚಿಕಿತ್ಸಾಕ್ರಮವೊಂದಿದೆ, ಬಿಹೇವಿಯರಲ್ ಆಕ್ಟಿವೇಶನ್ ಎಂದು ಹೆಸರು. ದೊಡ್ಡ ಪದವಿ ಇದ್ದವರೇ ಮಾಡಿಸಬೇಕೆಂದಿಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಮಾನಸಿಕ ಆರೋಗ್ಯದ ಹಿನ್ನೆಲೆಯೇ ಇಲ್ಲದವರಿಗೆ ತರಬೇತಿ ಕೊಟ್ಟು, ತೀವ್ರ ಖಿನ್ನತೆ ಇದ್ದವರಿಗೆ ಇದನ್ನೇ 6ರಿಂದ 8 ಭೇಟಿಗಳಲ್ಲಿ ಮಾಡಿಸಿದರು. 495 ಮಂದಿಯ ಆ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 3 ತಿಂಗಳಿಗೆ ಕಂಡ ಸುಧಾರಣೆ ವರ್ಷದ ಕೊನೆಗೂ ಉಳಿದಿತ್ತು. ನೀವು ಮನೆಮನೆಗೆ ಹೋಗುವವರಾದ್ದರಿಂದ ಇದನ್ನು ಮೊದಲಿಗೇ ಹೇಳಿದೆ.

ಮೊದಲ ವಾರ ಏನನ್ನೂ ಬದಲಿಸಬೇಡಿ, ಬರೆಯುವುದು ಮಾತ್ರ. ಮಕ್ಕಳ ಹಳೆಯ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಏಳುವ ಹೊತ್ತಿನಿಂದ ಮಲಗುವ ತನಕ ಎರಡೆರಡು ಗಂಟೆಗೆ ಒಂದು ಗೆರೆ. ಆ ಹೊತ್ತಿನಲ್ಲಿ ಮಾಡಿದ್ದೇನು ಎಂದು ಎರಡು-ಮೂರು ಶಬ್ದ, ಪಕ್ಕದಲ್ಲಿ ಎರಡು ಅಂಕೆ: ಹಿತ ಎಷ್ಟಾಯಿತು (0ರಿಂದ 10), ಒಂದು ಕೆಲಸ ಆಯಿತು ಎಂಬ ಸಮಾಧಾನ ಎಷ್ಟು (0ರಿಂದ 10). ‘ಮಲಗಿದ್ದೆ’ ಎಂಬುದನ್ನೂ ಬರೆಯಬೇಕು. ರಾತ್ರಿ ಒಟ್ಟಿಗೆ ಕೂತು ಬರೆದರೆ ಇಡೀ ದಿನ ಸೊನ್ನೆಯಾಗಿ ಕಾಣುತ್ತದೆ, ಏಕೆಂದರೆ ಖಿನ್ನತೆ ನೆನಪನ್ನೂ ಕಪ್ಪು ಬಣ್ಣದಲ್ಲೇ ತೋರಿಸುತ್ತದೆ. ಆದ್ದರಿಂದ ಹೊತ್ತು ಹೊತ್ತಿಗೆ ಬರೆಯಲಿ. ವಾರದ ಕೊನೆಗೆ ಹಾಳೆಯಲ್ಲಿ 1, 2ರ ನಡುವೆ ಎಲ್ಲೋ ಒಂದು 3 ಸಿಗುತ್ತದೆ. ತೊಟ್ಟೆಯಲ್ಲಿದ್ದ ಮಲ್ಲಿಗೆ ಗಿಡಕ್ಕೆ ನೀರು ಹಾಕಿದ್ದು, ದನಕ್ಕೆ ಹುಲ್ಲು ಕೊಟ್ಟದ್ದು, ಹೀಗೆ. ಆ 3 ಎಲ್ಲಿದೆಯೋ ಅಲ್ಲಿಂದ ಎರಡನೇ ವಾರ.

ಎರಡನೇ ವಾರಕ್ಕೆ ಮೂರೇ ಕೆಲಸ. ಒಂದು ಮೈಗೆ, ಒಂದು ಮನೆಗೆ, ಒಂದು ಸ್ವಂತ ಖುಷಿಗೆ ಅಥವಾ ಇನ್ನೊಬ್ಬರ ಜೊತೆಗೆ. ಮೂರನೆಯದನ್ನು ಬಿಡುವವರೇ ಹೆಚ್ಚು. ಪಾತ್ರೆ, ಬಟ್ಟೆ, ತೋಟ ಎಂದು ಬರೇ ಕರ್ತವ್ಯ ತುಂಬಿಸಿದರೆ ಸಮಾಧಾನದ ಅಂಕೆ ಏರಬಹುದು, ಹಿತದ ಅಂಕೆ ಏರುವುದಿಲ್ಲ. ಹತ್ತು ದಿನದಲ್ಲಿ ಹಾಳೆ ಮೂಲೆಗೆ ಬೀಳುತ್ತದೆ.

ಕೆಲಸವನ್ನು ಬರೆಯುವ ರೀತಿ ಮುಖ್ಯ. ‘ನಾಳೆಯಿಂದ ನಡೆಯುತ್ತೇನೆ’ ಎಂಬುದು ಕೆಲಸವಲ್ಲ. ‘ಬೆಳಿಗ್ಗೆ ಚಾ ಕುಡಿದು ಲೋಟ ಕೆಳಗಿಟ್ಟ ಕೂಡಲೇ ಚಪ್ಪಲಿ ಹಾಕಿ ಗೇಟಿನವರೆಗೆ ಹೋಗಿ ಬರುವುದು, 5 ನಿಮಿಷ’ ಎಂಬುದು ಕೆಲಸ. ಈಗಾಗಲೇ ದಿನವೂ ನಡೆಯುವ ಒಂದರ (ಚಾ, ಹಲ್ಲುಜ್ಜುವುದು, ದೀಪ ಹಚ್ಚುವುದು) ಬಾಲಕ್ಕೆ ಕಟ್ಟಿದರೆ ‘ಈಗ ಮಾಡಲಾ, ಆಮೇಲೆ ಮಾಡಲಾ’ ಎಂಬ ಲೆಕ್ಕಾಚಾರ ತಪ್ಪುತ್ತದೆ. ಆ ಲೆಕ್ಕಾಚಾರದಲ್ಲೇ ಶಕ್ತಿ ಎಲ್ಲ ಖರ್ಚಾಗುವುದು.

ಬರೆದ ಮೇಲೆ ಒಂದು ಪ್ರಶ್ನೆ: ‘ನಾಳೆ ಮನಸ್ಸು ಈವತ್ತಿನಷ್ಟೇ ಹಾಳಾಗಿದ್ದರೂ ಇದನ್ನು ಮಾಡುತ್ತೇನೆ ಎಂಬ ನಂಬಿಕೆ 10ರಲ್ಲಿ ಎಷ್ಟು?’ ಉತ್ತರ 7ಕ್ಕಿಂತ ಕಡಿಮೆ ಬಂದರೆ ಕೆಲಸವನ್ನು ಅರ್ಧ ಮಾಡಿ. ಮತ್ತೆ ಕೇಳಿ, ಬೇಕಾದರೆ ಮತ್ತೆ ಅರ್ಧ. ಸ್ನಾನವೇ ಬೆಟ್ಟವಾಗಿದ್ದರೆ ಮೊದಲ ದಿನ ಬೈರಾಸು ಮತ್ತು ಬಟ್ಟೆಯನ್ನು ಬಚ್ಚಲಿನ ಬಾಗಿಲಿಗೆ ಹಾಕುವುದಷ್ಟೇ ಕೆಲಸ. ಎರಡನೇ ದಿನ ಕೈಕಾಲು ಮುಖ ತೊಳೆಯುವುದು. ಮೂರನೇ ದಿನ ಬಿಸಿನೀರು ತೋಡಿ ಎರಡು ಚೆಂಬು ಮೈಗೆ. ಹೆಚ್ಚಿನವರು ಎರಡು ಚೆಂಬಿಗೆ ನಿಲ್ಲಿಸುವುದಿಲ್ಲ, ನಿಲ್ಲಿಸಿದರೂ ಆ ದಿನದ ಕೆಲಸ ಪೂರ್ತಿಯಾಯಿತು ಎಂದೇ ಲೆಕ್ಕ. ಹೀಗೆ ಹಿಡಿತಕ್ಕೆ ಬಂದ ಕೆಲಸ ವಾರದಲ್ಲಿ 5 ದಿನ ಆಗಿದ್ದರೆ ಮಾತ್ರ ಮುಂದಿನ ವಾರ ಒಂದು ಮೆಟ್ಟಿಲು ಏರಿಸಿ.

ತಪ್ಪುವುದು ಬಹುಪಾಲು ಒಳ್ಳೆಯ ದಿನದಲ್ಲಿ. ಒಂದು ದಿನ ಹಗುರವಾಗಿ ಕಂಡರೆ ಬಾಕಿ ಉಳಿದ ಒಂದು ತಿಂಗಳ ಕೆಲಸವನ್ನೆಲ್ಲ ಎಳೆದು ಹಾಕಿಕೊಳ್ಳುತ್ತಾರೆ, ಮರುದಿನ ಏಳಲಾಗುವುದಿಲ್ಲ, ‘ನೋಡಿ, ನನ್ನಿಂದಾಗದು’ ಎಂದು ಪುರಾವೆಯೂ ಸಿಕ್ಕಿದಂತಾಗುತ್ತದೆ. ಹಾಗಾಗಿ ಕನಿಷ್ಠ ಎಷ್ಟು ಎಂದು ಬರೆಯುವಂತೆ ಗರಿಷ್ಠ ಎಷ್ಟು ಎಂದೂ ಬರೆಯಬೇಕು. ನಡಿಗೆ ಕನಿಷ್ಠ 5 ನಿಮಿಷ, ಗರಿಷ್ಠ 15. ಎಷ್ಟೇ ಹುರುಪಿದ್ದರೂ ಆ ವಾರ 15ಕ್ಕೆ ವಾಪಸು.

---

ಮದ್ದಿನ ಪೊಟ್ಟಣ ಬರೆದದ್ದು:

ಜಗಲಿಯವರು ಹೇಳಿದ್ದು ಸರಿ, ಆದರೆ ಮೂರು-ನಾಲ್ಕು ವಾರ ನಿಷ್ಠೆಯಿಂದ ಮಾಡಿಯೂ ಹಾಳೆಯಲ್ಲಿ ಅಂಕೆ ಅಲುಗದಿದ್ದರೆ ರೋಗಿಯನ್ನು ದೂರಬೇಡಿ. ಮೈಯ ಕಡೆ ನೋಡಿ. ಥೈರಾಯ್ಡ್ ಕಡಿಮೆಯಾಗಿದ್ದರೂ, ರಕ್ತ ಕಡಿಮೆ ಇದ್ದರೂ, ಬಿ12 ಕೊರತೆ ಇದ್ದರೂ ಹೀಗೇ ‘ಒಂದಕ್ಕೂ ಆಗುವುದಿಲ್ಲ’ ಎನಿಸುತ್ತದೆ. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಬಿ12, ಸಕ್ಕರೆ, ಇಷ್ಟು ಪರೀಕ್ಷೆ ಆಗಿದೆಯೇ ಎಂದು ಫೈಲಿನಲ್ಲಿ ನೋಡಿ. ವಯಸ್ಸಾದವರು, ಅದರಲ್ಲೂ ಬಿಪಿಗೆಂದು ಮೂತ್ರ ಹೋಗಿಸುವ ಮಾತ್ರೆ ತೆಗೆದುಕೊಳ್ಳುವವರು, ಖಿನ್ನತೆಯ ಮದ್ದು ಶುರುವಾದ ಮೊದಲ ವಾರಗಳಲ್ಲಿ ವಿಪರೀತ ಸುಸ್ತು, ಗೊಂದಲ ಎಂದರೆ ರಕ್ತದ ಸೋಡಿಯಂ ಇಳಿದಿರಬಹುದು. ಅದನ್ನು ಮನಸ್ಸಿನ ಖಾತೆಗೆ ಹಾಕಿ ಬಿಡಬಾರದು, ಅದೇ ದಿನ ತೋರಿಸಬೇಕು.

ಮದ್ದಿನ ಕಾಲಗಣನೆಯನ್ನೂ ಮನೆಯವರಿಗೆ ಹೇಳಿ. ಈಗ ಸಾಮಾನ್ಯವಾಗಿ ಬರೆಯುವ ಎಸಿಟಲೊಪ್ರಾಮ್, ಸರ್ಟ್ರಲಿನ್, ಫ್ಲುವೊಕ್ಸೆಟಿನ್ ಮೊದಲಾದವು ಜ್ವರದ ಮಾತ್ರೆಯಂತೆ ಅಂದೇ ಕೆಲಸ ಮಾಡುವುದಿಲ್ಲ. ಮೊದಲ ವಾರ ಸಿಗುವುದು ವಾಕರಿಕೆ, ತಲೆನೋವು, ಚಡಪಡಿಕೆ. ಊಟದ ನಂತರ ತೆಗೆದುಕೊಂಡರೆ ವಾಕರಿಕೆ ಕಡಿಮೆ. ಗುಣ ಕಾಣತೊಡಗಲು 2ರಿಂದ 4 ವಾರ, ಪೂರ್ತಿ ಅಂದಾಜಿಗೆ 6ರಿಂದ 8 ವಾರ. ಸಾಮಾನ್ಯವಾಗಿ ನಿದ್ದೆ, ಹಸಿವು ಮೊದಲು ಸರಿಯಾಗುತ್ತವೆ, ಆಸಕ್ತಿ ಕೊನೆಗೆ ಬರುತ್ತದೆ. ನೀವು ಹೇಳಿದ ‘ನಿದ್ದೆ ಬಂತು, ಮನಸ್ಸು ಬರಲಿಲ್ಲ’ ಎಂಬ ಹಂತ ಇದೇ ಆಗಿರಬಹುದು.

ಇದೇ ಹಂತದಲ್ಲಿ ಜಾಗ್ರತೆಯೂ ಬೇಕು. ಮನಸ್ಸಿಗಿಂತ ಮೊದಲು ಮೈಗೆ ಕಸುವು ಬಂದರೆ ಸಾಯುವ ಯೋಚನೆ ಇದ್ದವರಿಗೆ ಅಪಾಯ ಹೆಚ್ಚು. 25 ವರ್ಷದೊಳಗಿನವರಲ್ಲಿ ಮದ್ದು ಶುರುವಾದ ಅಥವಾ ಪ್ರಮಾಣ ಬದಲಾದ ಮೊದಲ ವಾರಗಳಲ್ಲಿ ಇನ್ನೂ ನಿಗಾ ಬೇಕು. ‘ಸಾಯಬೇಕು ಅನಿಸುತ್ತದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಅವರನ್ನು ಒಬ್ಬರೇ ಬಿಡಬೇಡಿ, ತೋಟದ ಮದ್ದು (ಕೀಟನಾಶಕ) ಮತ್ತು ಮನೆಯಲ್ಲಿರುವ ಮಾತ್ರೆಗಳೆಲ್ಲ ಇನ್ನೊಬ್ಬರ ಕೈಯ ಬೀಗದೊಳಗೆ ಹೋಗಲಿ, ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ (14416) ಹಗಲು ರಾತ್ರಿ ಯಾವಾಗ ಬೇಕಾದರೂ ದುಡ್ಡಿಲ್ಲದೆ ಕರೆ ಮಾಡಬಹುದು, ಭಾಷೆ ಆರಿಸಿಕೊಳ್ಳುವ ಅವಕಾಶವೂ ಇದೆ. ಕೇರಳ ಸರಕಾರದ ಆರೋಗ್ಯ ಸಹಾಯವಾಣಿ ದಿಶಾದ ಸಂಖ್ಯೆ 1056.

ಹಿಂದೆ ಯಾವಾಗಲಾದರೂ ನಾಲ್ಕೈದು ದಿನ ನಿದ್ದೆಯೇ ಬೇಡದಷ್ಟು ಹುರುಪು, ಕೈಮೀರಿದ ಖರ್ಚು, ನಿಲ್ಲದ ಮಾತು ಇತ್ತೇ ಎಂದು ಮನೆಯವರಲ್ಲಿ ವಿಚಾರಿಸಿ ಡಾಕ್ಟರಿಗೆ ಹೇಳಿ. ಅದು ಬೈಪೋಲಾರ್ (ಅತಿ ಹುರುಪು ಮತ್ತು ಖಿನ್ನತೆ ಎರಡೂ ಬರುವ ಕಾಯಿಲೆ) ಆಗಿದ್ದರೆ ಚಿಕಿತ್ಸೆಯೇ ಬೇರೆ.

ಇನ್ನು ನಮ್ಮ ಜಿಲ್ಲೆಗೆ ಮಾತ್ರ ಅನ್ವಯಿಸುವ ಒಂದು ಮಾತು. ಹಲವರ ಡಾಕ್ಟ್ರು ಮಂಗಳೂರಿನಲ್ಲಿ, ಹತ್ತಿರದ ಆರೋಗ್ಯ ಕೇಂದ್ರ ಕೇರಳದ್ದು. 2020ರ ಮಾರ್ಚಿನಲ್ಲಿ, ಕೊರೋನಾ ಕಾಲದಲ್ಲಿ, ಕರ್ನಾಟಕದ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದೆ ಏನಾಯಿತೆಂದು ಎಲ್ಲರಿಗೂ ನೆನಪಿದೆ. ಇಂಥ ಮದ್ದು ಒಮ್ಮೆಲೇ ನಿಂತರೆ ತಲೆತಿರುಗು, ತಲೆಯೊಳಗೆ ಕರೆಂಟು ಹೊಡೆದಂತಾಗುವುದು, ಸಿಟ್ಟು, ನಿದ್ದೆಗೇಡು ಆಗಬಹುದು. ಜನ ಅದನ್ನು ಕಾಯಿಲೆ ತಿರುಗಿ ಬಂತೆಂದು ತಿಳಿಯುತ್ತಾರೆ. ಚೀಟಿಯ ಫೋಟೋ ಫೋನಿನಲ್ಲಿರಲಿ. ಕಂಪೆನಿಯ ಹೆಸರಲ್ಲ, ಮಾತ್ರೆಯ ಹಾಳೆಯ ಮೇಲೆ ಸಣ್ಣ ಅಕ್ಷರದಲ್ಲಿರುವ ಮೂಲ ಹೆಸರು ಮತ್ತು ಮಿಲಿಗ್ರಾಂ ಬರೆದಿಡಿ. ಅದನ್ನು ಹತ್ತಿರದ ಕುಟುಂಬಾರೋಗ್ಯ ಕೇಂದ್ರದಲ್ಲಿ ತೋರಿಸಿ ಅಲ್ಲೂ ಒಂದು ದಾಖಲೆ ಮಾಡಿಸಿ. ಗುಣವಾದ ಮೇಲೂ ಕನಿಷ್ಠ 6 ತಿಂಗಳು ಮದ್ದು ಮುಂದುವರಿಯಬೇಕು, ನಿಲ್ಲಿಸುವಾಗ ಡಾಕ್ಟ್ರು ಹೇಳಿದಂತೆ ಹಂತ ಹಂತವಾಗಿ.

---

ಅಂಗಳ ಬರೆದದ್ದು:

ಮನೆಯವರ ಮಾತಿನ ಬಗ್ಗೆ ಯಾರೂ ಬರೆಯಲಿಲ್ಲ, ಪ್ರಶ್ನೆಯಲ್ಲಿ ನೋವಿರುವುದು ಅಲ್ಲೇ. ‘ಏಳು, ಎಷ್ಟು ಹೊತ್ತು ಬಿದ್ದುಕೊಳ್ಳುತ್ತಿ’ ಎನ್ನುವುದೂ ‘ಪಾಪ, ಮಲಗಲಿ, ನಾನೇ ಮಾಡುತ್ತೇನೆ’ ಎನ್ನುವುದೂ ಕೊನೆಗೆ ಒಂದೇ ಕಡೆಗೆ ಮುಟ್ಟುತ್ತವೆ. ಮೊದಲನೆಯದರಿಂದ ನಾಚಿಕೆ, ಎರಡನೆಯದರಿಂದ ‘ನಾನು ಬೇಡದವ’ ಎಂಬ ಭಾವನೆ. ಅಮ್ಮನಾದವಳು ಹೇಳಬೇಕಾದ್ದು ಹೀಗೆ: ‘ಮಗಾ, ಅಡಿಕೆ ಸುಲಿಯಲು ಕೂರುತ್ತಿದ್ದೇನೆ, ಒಂದು ಹತ್ತು ನಿಮಿಷ ನನ್ನೊಟ್ಟಿಗೆ ಕೂತುಕೋ. ಸುಲಿಯಬೇಕೆಂದಿಲ್ಲ, ಸುಲಿದದ್ದನ್ನು ಬುಟ್ಟಿಗೆ ಹಾಕಿದರೆ ಸಾಕು.’ ಇದರಲ್ಲಿ ಹೊತ್ತಿದೆ, ಅಳತೆಯಿದೆ, ಜೊತೆಗೊಬ್ಬರಿದ್ದಾರೆ, ಬೇಡ ಎನ್ನಲು ದಾರಿಯೂ ಇದೆ. ಬಂದರೆ ‘ನೋಡು, ಮನಸ್ಸು ಮಾಡಿದರೆ ಆಗುತ್ತದಲ್ಲ’ ಎಂದು ಮಾತ್ರ ಹೇಳಲೇಬಾರದು. ಹೊಗಳಿಕೆಯ ವೇಷದ ದೂರು ಅದು. ‘ಒಳ್ಳೇದಾಯ್ತು ಬಂದದ್ದು’ ಎಂದರೆ ಸಾಕು.

ನೆನಪಿಸುವ ಕೆಲಸ ಒಬ್ಬರಿಗೇ ಇರಲಿ, ದಿನಕ್ಕೆ ಒಮ್ಮೆಯೇ ಇರಲಿ. ನಾಲ್ಕು ಜನ ನಾಲ್ಕು ಸಲ ನೆನಪಿಸಿದರೆ ಅದು ಪೀಡೆ.

ಕೋಲಕ್ಕೆ ಹರಕೆ ಹೇಳಿಕೊಂಡಿದ್ದೇವೆ, ಮಧೂರು ದೇವಸ್ಥಾನಕ್ಕೆ ಹೋಗಿ ಬರುತ್ತೇವೆ ಎಂದರೆ ವಾದ ಮಾಡಬೇಡಿ. ಹೋಗಿ ಬರುವುದೂ ಮನೆಯಿಂದ ಹೊರಗೆ ಕಾಲಿಡುವ ಒಂದು ಕೆಲಸವೇ, ಹಾಳೆಯಲ್ಲಿ ಬರೆಯಲಿ. ಮದ್ದು ತಪ್ಪಿಸಬಾರದು ಎಂಬ ಒಂದೇ ಮಾತಿನಲ್ಲಿ ಗಟ್ಟಿಯಾಗಿರಿ.

---

ಪಯಸ್ವಿನಿ ಕೇಳಿದ್ದು:

ಬಹಳ ಉಪಕಾರವಾಯಿತು. ಇನ್ನೆರಡು ಸಂಶಯ. ಮಳೆಗಾಲದಲ್ಲಿ ಗೇಟಿನವರೆಗೂ ಹೋಗಲಾಗದ ದಿನಗಳಿರುತ್ತವೆ, ಆಗ ಏನು? ಮತ್ತೆ, ಸುಧಾರಣೆ ಆಗುತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ‘ಹೇಗಿದ್ದೀರಿ’ ಎಂದರೆ ಎಲ್ಲರೂ ‘ಹಾಗೇ ಉಂಟು’ ಎನ್ನುತ್ತಾರೆ.

---

ಜಗಲಿ ಬರೆದದ್ದು:

ಮಳೆಗಾಲಕ್ಕೆಂದು ಪ್ರತಿ ಕೆಲಸಕ್ಕೂ ಒಂದು ಬದಲಿಯನ್ನು ಮೊದಲೇ ಬರೆದಿಡಬೇಕು, ಮಳೆ ಬಂದ ಮೇಲೆ ಯೋಚಿಸುವುದಲ್ಲ. ‘ನಡಿಗೆ, ಇಲ್ಲದಿದ್ದರೆ ಜಗಲಿಯಲ್ಲಿ ಆ ತುದಿಯಿಂದ ಈ ತುದಿಗೆ 20 ಸಲ.’ ಮೋಡ ಮುಚ್ಚಿದ ಹಗಲಿನಲ್ಲೂ ಹೊರಗಿನ ಬೆಳಕು ಒಳಕೋಣೆಯ ದೀಪಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದ್ದರಿಂದ ಬೆಳಗಿನ ಚಾವನ್ನಾದರೂ ಹಾಸಿಗೆಯಲ್ಲಿ ಕುಡಿಯದೆ ಜಗಲಿಗೆ ತಂದು ಕುಡಿಯಲಿ, 20 ನಿಮಿಷ ಅಲ್ಲೇ ಕೂರಲಿ. ಏಳುವ ಹೊತ್ತು ರಜೆಯಿರಲಿ, ಮಳೆಯಿರಲಿ ಒಂದೇ ಆಗಿರಬೇಕು. ರಾತ್ರಿ ನಿದ್ದೆ ಕೆಟ್ಟಿತೆಂದು ಬೆಳಿಗ್ಗೆ ಹತ್ತರವರೆಗೆ ಮಲಗಿದರೆ ಮರುರಾತ್ರಿಯೂ ಹೋಯಿತು. ಹಗಲು ಕಣ್ಣೆಳೆದರೆ ಮಧ್ಯಾಹ್ನ 3ರ ಒಳಗೆ ಅರ್ಧ ಗಂಟೆ, ಹೆಚ್ಚು ಬೇಡ.

ಅಳೆಯಲು ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯ ಕನ್ನಡ ರೂಪ ಸಿಗುತ್ತದೆ. ಹಿಂದಿನ 2 ವಾರಗಳ ಬಗ್ಗೆ 9 ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 3 ಅಂಕ, ಒಟ್ಟು 27. 5ರಿಂದ ಸೌಮ್ಯ, 10ರಿಂದ ಮಧ್ಯಮ, 15ರಿಂದ ಹೆಚ್ಚು, 20ರಿಂದ ತೀವ್ರ. ಎರಡು ವಾರಕ್ಕೊಮ್ಮೆ ಒಂದೇ ದಿನದಂದು (ಸೋಮವಾರವಾದರೆ ಸೋಮವಾರವೇ), ಒಂದೇ ಹೊತ್ತಿಗೆ ತುಂಬಿಸಿ. ಖಿನ್ನತೆ ಹಲವರಲ್ಲಿ ಬೆಳಿಗ್ಗೆ ಭಾರ, ಸಂಜೆ ಹಗುರ. ಒಮ್ಮೆ ಬೆಳಿಗ್ಗೆ, ಒಮ್ಮೆ ಸಂಜೆ ಕೇಳಿದರೆ ಹೋಲಿಸಲಾಗದು. ಒಟ್ಟು 5 ಅಂಕ ಇಳಿದರೆ ಅದು ನಿಜವಾದ ಇಳಿಕೆ, 1-2ರ ಏರಿಳಿತಕ್ಕೆ ಅರ್ಥ ಹಚ್ಚಬೇಡಿ. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದು. ಒಟ್ಟು ಅಂಕ ಎಷ್ಟೇ ಕಡಿಮೆ ಇದ್ದರೂ ಅಲ್ಲಿ 0 ಬಿಟ್ಟು ಬೇರೇನು ಬಂದರೂ ಮದ್ದಿನ ಪೊಟ್ಟಣದವರು ಹೇಳಿದಂತೆ ಅದೇ ದಿನ ಮುಂದಿನ ಹೆಜ್ಜೆ.

ಇನ್ನೊಂದು, ಮೂರನೇ ವಾರದಿಂದ ಹಾಳೆಗೆ ಒಂದು ಅಂಕಣ ಸೇರಿಸಿ. ಕೆಲಸಕ್ಕೆ ಮೊದಲು ‘ಹಿತ ಎಷ್ಟಾಗಬಹುದು’ ಎಂಬ ಅಂದಾಜು, ಮಾಡಿದ ಮೇಲೆ ‘ಎಷ್ಟಾಯಿತು’. ಅಂದಾಜು 1, ಆದದ್ದು 3 ಎಂದು ಹಲವು ಸಲ ಬಂದರೆ ಮನಸ್ಸಿನ ಅಂದಾಜನ್ನು ಎಷ್ಟು ನಂಬಬೇಕೆಂದು ಅವರ ಕೈಬರಹವೇ ಅವರಿಗೆ ತೋರಿಸುತ್ತದೆ. ಆದರೆ ಮೊದಲೇ ‘ಖಂಡಿತ ಹೆಚ್ಚು ಬರುತ್ತದೆ’ ಎಂದು ಮಾತು ಕೊಡಬೇಡಿ. ತೀವ್ರ ಖಿನ್ನತೆಯಲ್ಲಿ ಕೆಲವು ವಾರ ಎರಡೂ ಅಂಕಣದಲ್ಲಿ 0 ಬರಬಹುದು. ಆಗ ಆ ಹಾಳೆಯನ್ನೇ ಡಾಕ್ಟರಿಗೆ ತೋರಿಸಿ. ‘ಹಾಗೇ ಉಂಟು’ ಎಂಬ ಮಾತಿನಿಂದ ಸಿಗದ ವಿವರ ಅದರಲ್ಲಿರುತ್ತದೆ, ಮದ್ದಿನ ಪ್ರಮಾಣ ಬದಲಿಸಬೇಕೇ ಎಂದು ತೀರ್ಮಾನಿಸಲು ಅವರಿಗೂ ಅದೇ ಬೇಕಾಗಿರುವುದು.