ಮೊಣಕೈ ನೋವು: ರಾಕೆಟ್ ಬದಲಿಸಲೋ, ಸ್ಟ್ರಿಂಗ್ ಬದಲಿಸಲೋ?

ಪ್ರಶ್ನೆ (ಔಂಧ್, ಪುಣೆ)
ಎಲ್ಲರಿಗೂ ನಮಸ್ಕಾರ. ವಯಸ್ಸು 43, ಊರು ಧಾರವಾಡ. 2019ರಲ್ಲಿ ಇಲ್ಲೇ ಪುಣೆಯ ಬಾಲೇವಾಡಿಯಲ್ಲಿ ನಮ್ಮ ಬೋಪಣ್ಣ, ದಿವಿಜ್ ಶರಣ್ ಜೊತೆ ಟೆನಿಸ್ ಡಬಲ್ಸ್ ಗೆದ್ದಿದ್ದನ್ನು ಕಣ್ಣಾರೆ ನೋಡಿದೆ. ಅಂದಿನಿಂದ ವಾರಕ್ಕೆ ಮೂರು ದಿನ ಬೆಳಿಗ್ಗೆ ಆರಕ್ಕೆ ಡಬಲ್ಸ್ ಆಡುತ್ತೇನೆ. ಸರ್ವ್ ಹಾಕಿ ನೆಟ್‌ಗೆ ಓಡುವುದು, ವಾಲಿ (ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವುದು), ಸ್ಲೈಸ್ (ಚೆಂಡು ಹಿಂದಕ್ಕೆ ತಿರುಗುವಂತೆ ಸವರಿ ಹೊಡೆಯುವುದು) ಇಷ್ಟೇ ನನ್ನ ಆಟ. ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ತಿರುಗುವಂತೆ ಹೊಡೆಯುವುದು) ಅಷ್ಟಾಗಿ ಬರುವುದಿಲ್ಲ. ಆರು ತಿಂಗಳ ಹಿಂದೆ ಅಂಗಡಿಯವರ ಮಾತು ಕೇಳಿ 315 ಗ್ರಾಂ ತೂಕದ, 97 ಚದರ ಇಂಚಿನ ಹೆಡ್ (ಸ್ಟ್ರಿಂಗ್ ಇರುವ ಭಾಗ) ಇರುವ ರಾಕೆಟ್ ಕೊಂಡೆ. ಪಾಲಿಯೆಸ್ಟರ್ ಸ್ಟ್ರಿಂಗ್, 56 ಪೌಂಡ್ ಬಿಗಿ. ಈಗ ಚಹಾದ ಲೋಟ ಎತ್ತಿದರೂ ಮೊಣಕೈ ಹೊರಭಾಗ ಚುಚ್ಚುತ್ತದೆ. ರಾಕೆಟ್ ಮಾರಿಬಿಡಲಾ?

ಉತ್ತರ (ಕೊತ್ರೂಡ್)
100 ಚದರ ಇಂಚು, 300 ಗ್ರಾಂ, 16x19 (ಉದ್ದಕ್ಕೆ 16, ಅಡ್ಡಕ್ಕೆ 19 ಸ್ಟ್ರಿಂಗ್) ಇರುವ ರಾಕೆಟ್ ತೆಗೆದುಕೊಳ್ಳಿ. ಹವ್ಯಾಸಿಗಳಿಗೆ ಅದೇ ಸುರಕ್ಷಿತ. ಗೆಳೆಯರದ್ದು ಒಂದು ವಾರ ಕೇಳಿ ಆಡಿ ನೋಡಿ.

ಉತ್ತರ (ಮಾಟುಂಗಾ, ಮುಂಬೈ)
ಅವಸರ ಬೇಡ ಸರ್. ಮೊದಲು ಆ ಸ್ಟ್ರಿಂಗ್ ಕತ್ತರಿಸಿ ಎಸೆಯಿರಿ. ಪಾಲಿ ಗಟ್ಟಿ ಸ್ಟ್ರಿಂಗ್. ಜೋರಾಗಿ ಬೀಸಿ ಟಾಪ್‌ಸ್ಪಿನ್ ಹೊಡೆಯುವವರಿಗೆ ಅದರ ಲಾಭ: ಸ್ಟ್ರಿಂಗ್ ಸರಿದು ಮತ್ತೆ ಜಾಗಕ್ಕೆ ಚಿಮ್ಮುವಾಗ ಚೆಂಡು ತಿರುಗುತ್ತದೆ. ನೀವು ಸ್ಲೈಸ್, ವಾಲಿ ಆಡುವವರು. ಲಾಭ ಸಿಗದೆ ಪೆಟ್ಟು ಮಾತ್ರ ಕೈಗೆ ಬರುತ್ತಿದೆ. ಮಲ್ಟಿಫಿಲಮೆಂಟ್ (ಸಣ್ಣ ಎಳೆಗಳನ್ನು ಸೇರಿಸಿದ ಮೆತ್ತನೆಯ ಸ್ಟ್ರಿಂಗ್) ಹಾಕಿಸಿ, 50 ಪೌಂಡ್ ಸಾಕು. ನನಗೂ ಇದೇ ಆಗಿತ್ತು, ನೀರಿನ ಬಕೆಟ್ ಎತ್ತಲು ಮಗನನ್ನು ಕರೆಯಬೇಕಿತ್ತು. ಎರಡು ತಿಂಗಳು ಆಟ ನಿಲ್ಲಿಸಿ, ಸ್ಟ್ರಿಂಗ್ ಬದಲಿಸಿದ ಮೇಲೆ ಸರಿಹೋಯಿತು. ನೀವೂ ನೋವಿಟ್ಟುಕೊಂಡು ಆಡಬೇಡಿ, ಡಾಕ್ಟರಿಗೆ ತೋರಿಸಿ.

ಭಾರ ಕೆಟ್ಟದ್ದು ಅಂತ ಸುಮ್ನೆ ಹೇಳುತ್ತಾರೆ. ನೆಟ್ ಹತ್ತಿರ ಜೋರಾದ ಚೆಂಡು ಬಂದಾಗ ಹಗುರ ರಾಕೆಟ್ ಕೈಯಲ್ಲೇ ತಿರುಗಿಬಿಡುತ್ತದೆ. ಆದರೆ ಎರಡನೇ ಸೆಟ್‌ನಲ್ಲಿ ಕೈ ತಡವಾಗುತ್ತಿದ್ದರೆ 300 ಗ್ರಾಂಗೆ ಇಳಿಯಿರಿ. ಇನ್ನು ಹೆಡ್: ಸ್ಟ್ರಿಂಗ್ ಮೇಲೆ ಚೆಂಡಿನ ನಾರು ಅಂಟಿರುತ್ತದಲ್ಲ, ಅದನ್ನು ನೋಡಿ. ಮಧ್ಯ ಬಿಟ್ಟು ಅಂಚಿನಲ್ಲೇ ಜಾಸ್ತಿ ಇದ್ದರೆ 100 ಚದರ ಇಂಚು ಬೇಕು. ಫೆಡರರ್ ಅಂಥವರೇ 2014ರಲ್ಲಿ 90 ಬಿಟ್ಟು 97ಕ್ಕೆ ಬಂದರು.

ಗ್ರಿಪ್ (ಹಿಡಿಯ ದಪ್ಪ) ಎಷ್ಟು? ಹಿಡಿದಾಗ ಬೆರಳ ತುದಿ, ಅಂಗೈ ನಡುವೆ ಇನ್ನೊಂದು ಕೈಯ ತೋರುಬೆರಳು ಕೂರಬೇಕು.

ಪ್ರಶ್ನೆ ಕೇಳಿದವರು
ಈಗಷ್ಟೇ ಹಿಡಿದು ನೋಡಿದೆ ಸರ್, ಬೆರಳು ತೂರುವುದೇ ಇಲ್ಲ. ಉಗುರು ಅಂಗೈಗೆ ತಾಗುತ್ತಿದೆ! ಗ್ರಿಪ್ ಸಣ್ಣದಾಗಿ ಇಷ್ಟು ದಿನ ಬಿಗಿಯಾಗಿ ಹಿಡಿದೇ ಆಡಿದ್ದೇನೆ. ಓವರ್‌ಗ್ರಿಪ್ (ಹಿಡಿಯ ಮೇಲೆ ಸುತ್ತುವ ಪಟ್ಟಿ) ಒಂದು ಸುತ್ತು ಹಾಕಿದರೆ ಸಾಕಾ?

ಉತ್ತರ (ಮಾಟುಂಗಾ, ಮುಂಬೈ)
ಮೊದಲು ಒಂದು ಹಾಕಿ, ಮತ್ತೆ ಬೆರಳಿಟ್ಟು ನೋಡಿ. ಸಾಲದಿದ್ದರೆ ಇನ್ನೊಂದು.